ಕೆಮ್ಮಿನ ಮೇಲೆ ಮತ

ತಾಸಾಲ ಎಂದರೆ ಸಮನಾದ ಊರು.
ಕೆನಡಾದ ಪಡುಗಡಲಲ್ಲಿ ಒಂದು ದ್ವೀಪ.
ದೇವದಾರು ಕಡಿದು, ಬೊಡ್ಡೆ ಸುಟ್ಟು,
ಫಿನ್‌ಲೆಂಡಿನಿಂದ ಬಂದ ಎಂಬತ್ತು ಜನ
ಮೊದಲು ಕಟ್ಟಿದ್ದು ಸೌನಾ, ಆಮೇಲೆ ಸಭೆಯ ಮನೆ.
ಸ್ವಂತ ಮನೆಯ ಸರದಿ ಬರುವಷ್ಟರಲ್ಲಿ
ಮೊಳೆ ಮುಗಿದಿತ್ತು.

ಬೀಗವಿಲ್ಲ. ಮೊದಲ ವರ್ಷ ಬಾಗಿಲೇ ಇರಲಿಲ್ಲ ಅನ್ನಿ,
ಹಾಯಿಬಟ್ಟೆ ಇಳಿಬಿಟ್ಟಿದ್ದರು.
ದುಡ್ಡಿಲ್ಲ. ಗಂಡಸಿಗೊಂದು ಓಟು, ಹೆಂಗಸಿಗೊಂದು.
‘ನನ್ನ’ ಎಂದವರು ಒಂದು ಹೊತ್ತು ಪಾತ್ರೆ ತೊಳೆಯಬೇಕು.
ನನ್ನ ಹಲ್ಲು ನೋಯುತ್ತಿದೆ ಎಂದು ಅತ್ತ
ಮುದುಕ ತಾವೆಟ್ಟಿ ತೊಳೆದದ್ದು ನಲವತ್ತು ತಟ್ಟೆ.

ಮಕ್ಕಳೆಲ್ಲ ಒಂದೇ ಮನೆಯಲ್ಲಿ. ನಾವು ಹದಿನಾಲ್ಕು.
ಹಾಲಿಗೆ ಒಂದೇ ಸೌಟು, ಕಾಲುಚೀಲಕ್ಕೆ ಒಂದೇ ಉಣ್ಣೆ.
ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರೆಂದು
ಮಕ್ಕಳಿಗೆ ಹೇಳಕೂಡದು, ಕಲಂ ಒಂಬತ್ತು.
ಬರೆದವನು ಏಮೆಲಿ.
ಮೂಗುಗಳು ಮಾತ್ರ ಯಾವ ಕಲಮಿಗೂ ಜಗ್ಗದೆ
ತಮ್ಮ ಪಾಡಿಗೆ ತಾವು ವಂಶಾವಳಿ ಹೇಳುತ್ತಿದ್ದವು.

ಎಂಟನೇ ಚಳಿಗಾಲ. ನಡುರಾತ್ರಿ ಒಂದು ಮಗು ಕೆಮ್ಮಿತು.
ಗೋಡೆಯಾಚೆ ಮಲಗಿದ್ದ ಲೆಂಪಿ ಎದ್ದು ಬಂದು
ದೀಪವಿಲ್ಲದೆ, ತಡವರಿಸದೆ
ಹದಿನಾಲ್ಕು ಹಾಸಿಗೆಯಲ್ಲಿ ಒಂದರ ಮುಂದೆ ನಿಂತಳು.
ದೂರು ಹೋಯಿತು. ಸಭೆ ಸೇರಿತು. ಪ್ರಶ್ನೆ ಇಷ್ಟೇ:
ಕೆಮ್ಮಿನ ಗುರುತು ಖಾಸಗಿ ಆಸ್ತಿಯೋ ಅಲ್ಲವೋ?

ನಗಬೇಡಿ. ಅಲ್ಲಿ ಯಾರೂ ನಗಲಿಲ್ಲ.
ಕಲ್ಲಿದ್ದಲ ಗಣಿಯಲ್ಲಿ ಒಡಹುಟ್ಟಿದವರನ್ನು ಹೂತು ಬಂದವರು,
ಹಸಿದ ಮನೆಗೆ ಆತುಕೊಂಡೇ ನಿಂತ
ತುಂಬು ಕಣಜಕ್ಕೆ ಬೀಗ ಬಿದ್ದದ್ದನ್ನು ಕಂಡವರು.
‘ನನ್ನ ಮಗು’ ಎಂಬ ಮಾತನ್ನು ಕರಗಿಸಿಯೇ
ಬೀಗದ ಎರಕ ಹೊಯ್ಯುವುದು, ಎಂದ ಏಮೆಲಿ.
ದನಿ ನಡುಗಿತು. ಸುಳ್ಳಾಡುವವನ ನಡುಕವಲ್ಲ ಅದು.
ಲೆಂಪಿ ಎದ್ದು ನಿಂತು ಹೇಳಿದಳು:
“ಕಿವಿಗೆ ಹೇಳಿ ನೋಡಿದೆ. ಕೇಳಲಿಲ್ಲ.”

ಮೂವತ್ತೊಂದು, ಇಪ್ಪತ್ತೆಂಟು.
ಹೆಂಗಸರ ಹಾಸಿಗೆಗಳು ಗರಗಸದ ಮನೆಯಾಚೆಗೆ,
ಇನ್ನೂರು ಹೆಜ್ಜೆ ದೂರ ಹೋದವು.

ನನಗೆ ಆಗ ಏಳು.
ಮಂಜು ಗೋಡೆಯಂತೆ ನಿಂತ ಒಂದು ರಾತ್ರಿ
ಕಿಟಕಿ ತೆರೆದು, ಎದೆ ತುಂಬ ಉಸಿರೆಳೆದು
ಕೆಮ್ಮಿದೆ.
ಸುಳ್ಳು ಕೆಮ್ಮು. ಯಾರು ಬರುತ್ತಾರೆ ನೋಡೋಣ ಅಂತ.

ಹನ್ನೊಂದು ಜನ ಬಂದರು.
ಬರಿಗಾಲು, ಬಿಚ್ಚಿದ ಜಡೆ, ಒಬ್ಬಳ ಮುಷ್ಟಿಯಲ್ಲಿ ಈರುಳ್ಳಿ.
ಹಡೆಯದ ಸೈಮಿ ಕೂಡ.
ಪ್ರತಿಯೊಬ್ಬಳಿಗೂ ಅದು ತನ್ನದೇ ಎನ್ನಿಸಿತ್ತಂತೆ.
ಬಾಗಿಲಲ್ಲಿ ಒಬ್ಬರ ಮುಖ ಒಬ್ಬರು ಕಂಡು
ಕಳ್ಳರಂತೆ ನಿಂತರು ಒಂದು ಗಳಿಗೆ.
ಆಮೇಲೆ ಯಾರೋ ಒಲೆಗೆ ಸೌದೆ ಒಡ್ಡಿದರು.
ಹದಿನಾಲ್ಕೂ ಹಣೆಗಳನ್ನು ಮುಟ್ಟಿ ನೋಡಿದರು,
ನನ್ನದನ್ನು ಹನ್ನೊಂದು ಕೈ.
ಕಲಂ ಒಂಬತ್ತು ಬೇಡಿದ್ದು ಇದನ್ನೇ ಅಲ್ಲವೆ?
ಅದನ್ನು ಮುರಿಯಲು ಓಡಿ ಬಂದವರೇ
ಒಂದು ರಾತ್ರಿ ಅದನ್ನು ನಡೆಸಿಕೊಟ್ಟರು.

ರುಚಿ ಹತ್ತಿತು. ಮರುರಾತ್ರಿ ಮತ್ತೆ ಕೆಮ್ಮಿದೆ.
ಏಳು ಜನ.
ಮೂರನೆಯ ರಾತ್ರಿ ಇಬ್ಬರು.
ಹಗಲೆಲ್ಲ ಮೀನು ಸೀಳಿ ಉಪ್ಪು ಹಚ್ಚಿದ ಕೈ,
ಎಲ್ಲವನ್ನೂ ಹಂಚಿಕೊಂಡ ಊರಿಗೆ
ನಿದ್ದೆ ಹಂಚುವುದು ತಿಳಿದಿರಲಿಲ್ಲ.
ನಾಲ್ಕನೆಯ ರಾತ್ರಿ ಗಂಟಲು ಹರಿಯುವಂತೆ ಕೆಮ್ಮಿದರೂ
ಯಾರೂ ಬಾಗಿಲು ತಳ್ಳಲಿಲ್ಲ.

ಕಿಟಕಿಯಾಚೆ, ಮಂಜಿನಲ್ಲಿ, ಲಾಂದ್ರ ಹಿಡಿದು
ಏಮೆಲಿ.
ಯಾರು ಬಂದರೆಂದು ಬರೆದುಕೊಳ್ಳಲು ನಿಂತನೋ,
ಕೋಟಿನೊಳಗೆ ಉಬ್ಬಿದ್ದು ದಫ್ತರವೋ ಹಾಲಿನ ಬಟ್ಟಲೋ.
ಒಳಗೆ ಬರಲಿಲ್ಲ. ಹೋಗಲೂ ಇಲ್ಲ.
ಬೆಳಕು ಕೆಳಗಿನಿಂದ
ಅವನ ಮೂಗಿನ ಮೇಲೆ ಬಿದ್ದಿತ್ತು.

ಗರಗಸದ ಸಾಲಕ್ಕೆ ತಾಸಾಲ ಮುಳುಗಿತು.
ಕೊನೆಯ ಜಗಳ ಒಂದು ತಾಮ್ರದ ಕಾಫಿ ಕೆಟಲ್ಲಿಗೆ.
ಗೆದ್ದವರು ಅದನ್ನು ದೋಣಿಯಲ್ಲಿ ಮರೆತು ಹೋದರು.

ಮನುಷ್ಯರಿಗೆ ಅದೆಲ್ಲ ಆಗಿಬರುತ್ತದೆಯೆ ಅಜ್ಜಿ,
ಎಂದು ಕೇಳುತ್ತವೆ ಶಾಲೆಯ ಮಕ್ಕಳು, ಪೆನ್ಸಿಲ್ ಹಿಡಿದು.
ಹನ್ನೊಂದು, ಏಳು, ಎರಡು, ಸೊನ್ನೆ ಎನ್ನುತ್ತೇನೆ.
ಬರೆದುಕೊಳ್ಳುತ್ತವೆ.
ಆ ಲಾಂದ್ರವನ್ನು ಯಾವ ಸಾಲಿನಲ್ಲಿ ಬರೆಸಲಿ
ಎಂದು ನಾನು ಇನ್ನೂ ಯೋಚಿಸುತ್ತಿರುವಾಗಲೇ
ಗಂಟೆ ಹೊಡೆಯುತ್ತದೆ.